ಕಿವಿಗೆ ನಳಿಕೆ ಹಾಕಿಸಿದ ಮಗು ನೀರಿಗಿಳಿಯಬಾರದೇ?

ಬೇಸಿಗೆ ರಜೆ ಸಮೀಪಿಸಿದಂತೆ ಕೆಲವು ತಾಯ್ತಂದೆಯರನ್ನು ಒಂದು ಪ್ರಶ್ನೆ ಕಾಡತೊಡಗುತ್ತದೆ. ಮಗುವಿನ ಕಿವಿಯ ತಮಟೆಯಲ್ಲಿ ವೈದ್ಯರು ಪುಟ್ಟ ನಳಿಕೆಯೊಂದನ್ನು ಕೂರಿಸಿದ್ದಾರೆ. ಓರಗೆಯ ಮಕ್ಕಳೆಲ್ಲ ಈಜು ಕಲಿಯಲು ಹೊರಟಿದ್ದಾರೆ. ತಮ್ಮ ಮಗುವನ್ನೂ ಕಳುಹಿಸಬಹುದೇ? ಮನೆಯ ಹಿರಿಯರೂ ನೆರೆಹೊರೆಯವರೂ ಇದಕ್ಕೆ ಕೊಡುವ ಉತ್ತರ ಸಾಮಾನ್ಯವಾಗಿ ಒಂದೇ: "ಕಿವಿಗೆ ನೀರು ಸೋಕಿಸಲೇಬೇಡಿ." ಈ ಮಾತಿನ ಹಿಂದೆ ಮಮತೆಯಿದೆ, ಅನುಭವವೂ ಇದೆ. ಆದರೆ ಮಮತೆಯ ಮಾತೆಲ್ಲವೂ ಹಿತದ ಮಾತಾಗಿರಬೇಕೆಂದಿಲ್ಲ. ನಳಿಕೆಯ ನೆಪದಿಂದ ಮಗುವನ್ನು ನೀರಿನಿಂದಲೇ ದೂರವಿಡುವುದು ಬಹುಪಾಲು ಸಂದರ್ಭಗಳಲ್ಲಿ ಅನಗತ್ಯವೆಂದೂ, ನಮ್ಮಂತಹ ಬಯಲುಸೀಮೆಯಲ್ಲಿ ಅದರಿಂದ ಕೆಡುಕೂ ಆಗಬಹುದೆಂದೂ ನಾವು ಭಾವಿಸುತ್ತೇವೆ. ಯಾವ ನೀರಿಗೆ ಅಂಜಬೇಕು, ಯಾವ ನೀರಿಗೆ ಅಂಜಬೇಕಾಗಿಲ್ಲ ಎಂಬ ವಿವೇಕವೇ ಇಲ್ಲಿ ಮುಖ್ಯ.

ಮೊದಲು ಈ ನಳಿಕೆ ಏನೆಂಬುದನ್ನು ತಿಳಿಯೋಣ. ಕಿವಿಯ ತಮಟೆಯ ಹಿಂದೆ ಗಾಳಿ ತುಂಬಿದ ಚಿಕ್ಕ ಕೋಣೆಯೊಂದಿದೆ, ಅದೇ ಮಧ್ಯಕಿವಿ. ಮೂಗಿನ ಹಿಂಭಾಗದಿಂದ ಅಲ್ಲಿಗೆ ಯೂಸ್ಟೇಶಿಯನ್ ನಾಳವೆಂಬ ಸಣ್ಣ ಕೊಳವೆ ಗಾಳಿಯನ್ನು ಒಯ್ಯುತ್ತದೆ. ಎಳೆಯ ಮಕ್ಕಳಲ್ಲಿ ಈ ನಾಳ ಗಿಡ್ಡವಾಗಿಯೂ ಹೆಚ್ಚು ಅಡ್ಡಡ್ಡವಾಗಿಯೂ ಇರುವುದರಿಂದ ಸ್ವಲ್ಪ ನೆಗಡಿಯಾದರೂ ಕಟ್ಟಿಕೊಳ್ಳುತ್ತದೆ. ಮೂಗಿನ ಹಿಂದಿನ ಅಡಿನಾಯ್ಡ್ ಗ್ರಂಥಿ ಊದಿಕೊಂಡರೂ, ಮನೆಯಲ್ಲಿ ಯಾರಾದರೂ ಬೀಡಿ-ಸಿಗರೇಟು ಸೇದುತ್ತಿದ್ದರೂ ಈ ತೊಂದರೆ ಹೆಚ್ಚುತ್ತದೆ. ಗಾಳಿ ಆಡದ ಆ ಕೋಣೆಯಲ್ಲಿ ಅಂಟುದ್ರವ ತುಂಬಿಕೊಳ್ಳುತ್ತದೆ. ನೋವಿಲ್ಲ, ಜ್ವರವಿಲ್ಲ, ಆದರೆ ಎರಡೂ ಕಿವಿಗಳನ್ನು ಬೆರಳಿನಿಂದ ಮುಚ್ಚಿಕೊಂಡಂತೆ ಮಗುವಿಗೆ ಮಾತು ಮಂದವಾಗಿ ಕೇಳಿಸುತ್ತದೆ.

ಈ ದ್ರವ ಬಹಳಷ್ಟು ಮಕ್ಕಳಲ್ಲಿ ಮೂರು ತಿಂಗಳೊಳಗೆ ತಾನಾಗಿ ಇಂಗಿಹೋಗುತ್ತದೆ. ಆದುದರಿಂದ ತಜ್ಞರು ಸಾಮಾನ್ಯವಾಗಿ ಕಾದು ನೋಡುತ್ತಾರೆ, ಶ್ರವಣ ಪರೀಕ್ಷೆ ಮಾಡಿಸುತ್ತಾರೆ. ಇಂಗದೆ ಉಳಿದು ಕೇಳುವಿಕೆಗೆ ಕುಂದುಂಟಾದಾಗ, ಅಥವಾ ಕಿವಿಯ ಸೋಂಕು ಪದೇ ಪದೇ ಮರುಕಳಿಸುತ್ತ ದ್ರವವೂ ಉಳಿದಾಗ, ತಮಟೆಯಲ್ಲಿ ಸಣ್ಣ ಸೀಳು ಮಾಡಿ ನಳಿಕೆಯನ್ನು ಇರಿಸುತ್ತಾರೆ. ಇದನ್ನೇ ಗ್ರೊಮೆಟ್ ಎನ್ನುವುದು. ಹೊಲಿಗೆ ಯಂತ್ರದ ಬಾಬಿನ್ನಿನ ಆಕಾರ. ಒಳರಂಧ್ರದ ಅಗಲ ಸುಮಾರು ಒಂದು ಮಿಲಿಮೀಟರು. 1954ರಲ್ಲಿ ಅಮೆರಿಕದ ವೈದ್ಯ ಬೆವರ್ಲಿ ಆರ್ಮ್‌ಸ್ಟ್ರಾಂಗ್ ಇದನ್ನು ಪ್ರಚಾರಕ್ಕೆ ತಂದಂದಿನಿಂದ ಲೋಕದಾದ್ಯಂತ ಮಕ್ಕಳಿಗೆ ಇದರಿಂದ ಉಪಕಾರವಾಗಿದೆ. ಮುಚ್ಚಿದ ಕೋಣೆಗೆ ಕಿಟಕಿ ಇಟ್ಟಂತೆ ಈ ನಳಿಕೆ ಗಾಳಿಯಾಡಲು ದಾರಿ ಮಾಡುತ್ತದೆ. ಸಾಮಾನ್ಯವಾಗಿ ಆರು ತಿಂಗಳಿನಿಂದ ಒಂದೂವರೆ ವರ್ಷದೊಳಗೆ ತಮಟೆಯೇ ಅದನ್ನು ಹೊರಕ್ಕೆ ತಳ್ಳಿ, ಹೆಚ್ಚಿನ ಮಕ್ಕಳಲ್ಲಿ ರಂಧ್ರವೂ ಮುಚ್ಚಿಕೊಳ್ಳುತ್ತದೆ.

ಇಷ್ಟಕ್ಕಾಗಿ ಶಸ್ತ್ರಕ್ರಿಯೆ ಬೇಕಿತ್ತೇ ಎಂದು ಕೇಳುವವರಿದ್ದಾರೆ. ಅವರಿಗೆ ನಮ್ಮ ಸೀಮೆಯ ಬಂಡೆಗಳೇ ಉತ್ತರ ಹೇಳುತ್ತವೆ. ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರ, ಬ್ರಹ್ಮಗಿರಿ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕ ಚಕ್ರವರ್ತಿಯು ಕೊರೆಯಿಸಿದ, 1890ರ ದಶಕದ ಆರಂಭದಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದ ಶಾಸನಗಳಲ್ಲಿ ತಾಯ್ತಂದೆಯರ ಶುಶ್ರೂಷೆ ಮಾಡಬೇಕೆಂಬ ಉಪದೇಶವಿದೆ. ಶುಶ್ರೂಷೆ ಎಂದರೆ ಇಂದು ನಮಗೆ ಆರೈಕೆ. ಆ ಪದದ ಮೂಲಾರ್ಥವಾದರೋ 'ಕೇಳಬೇಕೆಂಬ ಇಚ್ಛೆ'. ನಮ್ಮ ಕನ್ನಡದಲ್ಲೂ ಕೇಳುವುದೆಂದರೆ ಕಿವಿಗೆ ಬೀಳುವುದೂ ಹೌದು, ಹೇಳಿದಂತೆ ನಡೆಯುವುದೂ ಹೌದು. ಕಿವಿ ಮಂದವಾದ ಮಗು ಈ ಎರಡು ಅರ್ಥಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಮಗ್ಗದ ಸದ್ದಿನ ಮನೆಯಲ್ಲಿ ತಾಯಿ ಕರೆದದ್ದು ಕೇಳಿಸದು. ತರಗತಿಯ ಗದ್ದಲದಲ್ಲಿ ಗುರುಗಳ ಪಾಠ ಅರೆಬರೆ ಕೇಳಿಸೀತು. ಆಗ ಅದಕ್ಕೆ ದೊರೆಯುವ ಬಿರುದು "ಹೇಳಿದ ಮಾತು ಕೇಳದ ಮಗು." ಕಿವಿಯ ದೋಷವನ್ನು ಗುಣದ ದೋಷವೆಂದು ಬಗೆದು ದಂಡಿಸುವುದು ಅನ್ಯಾಯ. ನಳಿಕೆ ಆ ಅನ್ಯಾಯವನ್ನು ತಪ್ಪಿಸುವ ಸಾಧನ.

ಇನ್ನು ನೀರಿನ ವಿಷಯ. ತಮಟೆಯಲ್ಲಿ ರಂಧ್ರವಿದ್ದಮೇಲೆ ನೀರು ಒಳಗೆ ಹೋಗದೇ ಇರುತ್ತದೆಯೇ ಎಂಬ ಶಂಕೆ ಸಹಜ. ನೀರಿಗೆ ತನ್ನ ಮೇಲ್ಮೈಯನ್ನು ಬಿಗಿಹಿಡಿದಿಟ್ಟುಕೊಳ್ಳುವ ಸ್ವಭಾವವಿದೆ. ತಾವರೆಯೆಲೆಯ ಮೇಲಿನ ಹನಿ ಚದುರದೆ ನಿಲ್ಲುವಲ್ಲಿ ಈ ಬಿಗಿಯ ಪಾಲಿದೆ. ಒಂದು ಮಿಲಿಮೀಟರಿನಷ್ಟು ಕಿರಿದಾದ ರಂಧ್ರದ ಬಾಯಲ್ಲಿ ತಿಳಿನೀರು ಈ ಬಿಗಿಯಿಂದಲೇ ತಡೆದು ನಿಲ್ಲುತ್ತದೆ. ನೀರಿನ ಮೇಲ್ಭಾಗದಲ್ಲಿ ಈಜುವ, ತಲೆಯನ್ನು ಸ್ವಲ್ಪ ಮುಳುಗಿಸುವ ಮಗುವಿನ ಕಿವಿಯ ಮೇಲೆ ಬೀಳುವ ಒತ್ತಡವು ಸಾಮಾನ್ಯವಾಗಿ ಆ ತಡೆಯನ್ನು ಮುರಿಯುವಷ್ಟಿರುವುದಿಲ್ಲ.

ಇದು ಕೇವಲ ಊಹೆಯ ಮಾತಲ್ಲ. ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿ ನಳಿಕೆ ಹಾಕಿಸಿದ 201 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪು ಸ್ನಾನಕ್ಕೂ ಈಜಿಗೂ ಕಿವಿಗೆ ಬಿರಟೆ ಇಟ್ಟುಕೊಳ್ಳುವಂತೆಯೂ ಇನ್ನೊಂದು ಗುಂಪು ಬಿರಟೆಯಿಲ್ಲದೆ ಇರುವಂತೆಯೂ ಏರ್ಪಡಿಸಿ ಪರೀಕ್ಷಿಸಲಾಯಿತು. 2005ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ ಬಿರಟೆಯಿಂದ ಲಾಭವಿದ್ದರೂ ಅದು ಅತ್ಯಲ್ಪ: ಕಿವಿ ಸೋರುವುದನ್ನು ಒಂದೇ ಒಂದು ಸಲ ತಪ್ಪಿಸಬೇಕಾದರೆ ಮಗು ಸರಾಸರಿ 2.8 ವರ್ಷ ಬಿರಟೆ ಧರಿಸಬೇಕಾಗುತ್ತದೆ. ನಳಿಕೆಯಾದರೋ ಬಹುತೇಕ ಅದಕ್ಕೆ ಮೊದಲೇ ಬಿದ್ದುಹೋಗಿರುತ್ತದೆ! ಇಂತಹ ಅಧ್ಯಯನಗಳ ಆಧಾರದಿಂದ ಅಮೆರಿಕದ ಕಿವಿ-ಮೂಗು-ಗಂಟಲು ತಜ್ಞರ ಅಕಾಡೆಮಿಯು 2013ರಲ್ಲಿ ಪ್ರಕಟಿಸಿ 2022ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಲ್ಲಿ, ನಳಿಕೆಯಿರುವ ಎಲ್ಲ ಮಕ್ಕಳಿಗೂ ವಾಡಿಕೆಯಂತೆ ಈಜು ನಿಷೇಧಿಸುವುದಾಗಲಿ ಬಿರಟೆ ಕಡ್ಡಾಯ ಮಾಡುವುದಾಗಲಿ ಬೇಡವೆಂದು ವೈದ್ಯರಿಗೆ ಸೂಚಿಸಿದೆ.

ಹಾಗೆಂದು ಎಲ್ಲ ನೀರೂ ಒಂದೇ ಎಂದು ತಿಳಿಯಬಾರದು. ಎಚ್ಚರ ವಹಿಸಬೇಕಾದ ಸಂದರ್ಭಗಳು ನಿರ್ದಿಷ್ಟವಾಗಿವೆ.

ಮೊದಲನೆಯದು, ಯಾರೂ ಸಂಶಯಿಸದ ಬಚ್ಚಲುಮನೆಯ ನೀರು. ಸಾಬೂನು, ಶಾಂಪೂ, ಸೀಗೆಪುಡಿಗಳು ನೀರಿನ ಮೇಲ್ಮೈಯ ಬಿಗಿಯನ್ನು ಸಡಿಲಿಸುತ್ತವೆ. ಆದ್ದರಿಂದ ನೊರೆನೀರು ತಿಳಿನೀರಿಗಿಂತ ಸುಲಭವಾಗಿ ನಳಿಕೆಯನ್ನು ದಾಟಬಲ್ಲದು. ಈಜುಕೊಳಕ್ಕೆ ಹೆದರುವ ಮನೆಯವರು ತಲೆಸ್ನಾನ ಮಾಡಿಸುವಾಗ ಮಗುವಿನ ಕಿವಿಗೆ ನೊರೆ ಇಳಿಯುವುದನ್ನು ಗಮನಿಸುವುದೇ ಇಲ್ಲ. ಹತ್ತಿಯ ಉಂಡೆಗೆ ವ್ಯಾಸಲೀನ್ ಸವರಿ ಹೊರಕಿವಿಯ ಬಾಯಿಗೆ ಇಟ್ಟು ತಲೆ ತೊಳೆದರೆ ಸಾಕು.

ಎರಡನೆಯದು ನಿಂತ ನೀರು. ದನಕರುಗಳು ಇಳಿಯುವ ಗೋಕಟ್ಟೆ, ಪಾಚಿಗಟ್ಟಿದ ಹೊಂಡ, ಮಳೆ ಹಿಂದಿಕ್ಕಿದ ಹಳ್ಳದ ಮಡುಗಳಲ್ಲಿ ರೋಗಾಣುಗಳು ಹೆಚ್ಚು. ನಳಿಕೆಯಿರುವ ಮಗು ಅಲ್ಲಿ ತಲೆ ಮುಳುಗಿಸಬಾರದು. ಶುಚಿಯಾಗಿಟ್ಟ, ಕ್ಲೋರಿನ್ ಹಾಕಿದ ಈಜುಕೊಳ ಅಷ್ಟು ಅಪಾಯಕರವಲ್ಲ. ಮೂರನೆಯದು ಆಳ. ಎತ್ತರದಿಂದ ಧುಮುಕುವುದು, ತಳದ ಕಲ್ಲು ಹೆಕ್ಕಿ ತರುವ ಆಟ, ಇವುಗಳಿಂದ ನೀರಿನ ಒತ್ತಡ ಹೆಚ್ಚಿ ರಂಧ್ರದ ತಡೆ ಮುರಿಯುತ್ತದೆ. ನಾಲ್ಕನೆಯದು ಮಗುವಿನ ಸ್ಥಿತಿ. ಶಸ್ತ್ರಕ್ರಿಯೆಯಾದ ಹೊಸದರಲ್ಲಿ ವೈದ್ಯರು ಹೇಳಿದಷ್ಟು ದಿನ ನೀರಿಗಿಳಿಯಬಾರದು. ಕಿವಿ ಸೋರುತ್ತಿರುವಾಗ ಇಳಿಯಲೇಬಾರದು. ನೀರು ಸೋಕಿದಾಗಲೆಲ್ಲ ಕಿವಿ ನೋಯುತ್ತದೆ, ಅಥವಾ ಈಜಿದಾಗಲೆಲ್ಲ ಸೋರುತ್ತದೆ ಎನ್ನುವ ಮಕ್ಕಳಿಗೆ, ರೋಗನಿರೋಧಕ ಶಕ್ತಿ ಕುಂದಿದ ಮಕ್ಕಳಿಗೆ ಬಿರಟೆ ಬೇಕು. ಅದನ್ನು ವೈದ್ಯರಿಂದಲೇ ಆರಿಸಿಕೊಳ್ಳಬೇಕು.

ಇಲ್ಲಿ ಇನ್ನೊಂದು ಭೇದವನ್ನು ಸ್ಪಷ್ಟಪಡಿಸಬೇಕು. ಹಿರಿಯರ ಎಚ್ಚರಿಕೆ ಹುಟ್ಟಿದ್ದು ಸೋರುಗಿವಿಯ ಅನುಭವದಿಂದ. ಸೋಂಕಿನಿಂದ ತಮಟೆ ಹರಿದು, ವರ್ಷಗಟ್ಟಲೆ ಕೀವು ಸೋರುವ ಕಿವಿಗೆ ನೀರು ಸೋಕಿಸಬಾರದೆಂಬುದು ಇಂದಿಗೂ ಸರಿಯಾದ ಮಾತು. ಆ ಕಾಯಿಲೆಯೇ ಬೇರೆ; ದುರ್ವಾಸನೆಯ ಸ್ರಾವವಿದ್ದರೆ ಎಲುಬನ್ನೇ ಕೊರೆಯುವ ರೋಗವಿರಬಹುದಾದ ಕಾರಣ ತಡಮಾಡದೆ ತಜ್ಞರಿಗೆ ತೋರಿಸಬೇಕು. ವೈದ್ಯರು ವಿಚಾರಪೂರ್ವಕವಾಗಿ ಇಟ್ಟ ಕಿರಿದಾದ ನಳಿಕೆಗೂ ರೋಗ ಮಾಡಿದ ರಂಧ್ರಕ್ಕೂ ಒಂದೇ ನಿಯಮ ಅನ್ವಯಿಸುವುದು ತರವಲ್ಲ. ಮಗುವಿನ ಕಿವಿಯಲ್ಲಿರುವುದು ಯಾವುದೆಂದು ವೈದ್ಯರನ್ನು ಕೇಳಿ ತಿಳಿದುಕೊಳ್ಳುವುದು ತಾಯ್ತಂದೆಯರ ಕರ್ತವ್ಯ.

ನೀರಿಗಿಂತ ಎಣ್ಣೆಗೆ ಹೆಚ್ಚು ಅಂಜಬೇಕೆಂದು ನಾವು ಒತ್ತಿ ಹೇಳುತ್ತೇವೆ. ಶೇಂಗಾ ಎಣ್ಣೆಯ ಗಿರಣಿಗಳಿಂದ ಹೆಸರಾದ ಚಳ್ಳಕೆರೆಯ ಸುತ್ತಮುತ್ತ, ಕಿವಿ ನೊಂದರೆ ಎಣ್ಣೆ ಬೆಚ್ಚಗೆ ಮಾಡಿ ಬಿಡುವ ರೂಢಿ ಮನೆಮನೆಯಲ್ಲಿದೆ. ಕೆಲವರು ಅದರಲ್ಲಿ ಬೆಳ್ಳುಳ್ಳಿಯನ್ನೂ ಕಾಯಿಸುತ್ತಾರೆ. ನಳಿಕೆಯಿರುವ ಕಿವಿಗೆ ಇದು ಸಲ್ಲದು. ಎಣ್ಣೆ ನಳಿಕೆಯನ್ನು ಕಟ್ಟಿಸಬಹುದು, ಒಳಕ್ಕಿಳಿದು ಸೋಂಕು ತರಬಹುದು. ಬೆಂಕಿಕಡ್ಡಿ, ಪಿನ್ನು, ಇಯರ್‌ಬಡ್‌ಗಳಿಂದ ಕೆದಕುವುದೂ ಕೂಡದು. ಕಿವಿ ಸೋರಿದರೆ ಔಷಧದ ಅಂಗಡಿಯಲ್ಲಿ ಕೈಗೆ ಸಿಕ್ಕ ಹನಿಯನ್ನು ಕೊಳ್ಳಬೇಡಿ. ಜೆಂಟಾಮೈಸಿನ್, ನಿಯೋಮೈಸಿನ್‌ಗಳಂತಹ ಔಷಧಗಳು ನಳಿಕೆಯ ಮೂಲಕ ಒಳಕಿವಿಯನ್ನು ತಲುಪಿದರೆ ಶ್ರವಣಶಕ್ತಿಗೇ ಹಾನಿಯಾಗುವ ಸಂಭವವಿದೆ. ನಳಿಕೆಯಿದೆ ಎಂದು ಹೇಳಿ ವೈದ್ಯರಿಂದ ಸೂಕ್ತ ಹನಿಯನ್ನು ಬರೆಸಿಕೊಳ್ಳಿ. ಸಾಮಾನ್ಯ ಸ್ರಾವಕ್ಕೆ ಬಹುಪಾಲು ಹನಿಗಳೇ ಸಾಕು, ನುಂಗುವ ಮಾತ್ರೆ ಬೇಕಾಗುವುದಿಲ್ಲ.

ಈಗ ನಮ್ಮ ಮುಖ್ಯ ಕಾಳಜಿಗೆ ಬರುತ್ತೇವೆ. ನೀರಿನಿಂದ ಮಗುವಿನ ಕಿವಿಗೆ ಆಗಬಹುದಾದ ಕೇಡು ಎಂದರೆ ಹೆಚ್ಚೆಂದರೆ ಹನಿ ಹಾಕಿದರೆ ವಾಸಿಯಾಗುವ ಸೋರಿಕೆ. ಈಜು ಬಾರದಿದ್ದರೆ ಆಗಬಹುದಾದ ಕೇಡು ಪ್ರಾಣಹಾನಿ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಲೋಕದಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಅದೇ ವರ್ಷ ನಮ್ಮ ದೇಶದಲ್ಲಿ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ದಾಖಲಿಸಿದ ಇಂತಹ ಸಾವುಗಳು 36 ಸಾವಿರಕ್ಕೂ ಹೆಚ್ಚು. ಶಾಲಾ ವಯಸ್ಸಿನ ಮಕ್ಕಳಿಗೆ ಈಜನ್ನೂ ನೀರಿನ ಸುರಕ್ಷತೆಯನ್ನೂ ಕಲಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯ ಸಲಹೆಗಳಲ್ಲೊಂದು.

ಬರದ ಸೀಮೆಯಲ್ಲಿ ಮುಳುಗುವ ಭಯವೆಲ್ಲಿಯದು ಎನ್ನಬೇಡಿ. ನೀರು ಅಪರೂಪವಾದಲ್ಲಿಯೇ ಮಕ್ಕಳಿಗೆ ಅದರ ಪರಿಚಯ ಕಡಮೆ. ಹಿಂದೆ ತೋಟದ ಬಾವಿಗಳಿದ್ದವು. ಬೆನ್ನಿಗೆ ಬೆಂಡು ಇಲ್ಲವೆ ಒಣಗಿದ ಸೋರೆಬುರುಡೆ ಕಟ್ಟಿ, ನಡುವಿಗೆ ಹಗ್ಗ ಬಿಗಿದು, ಸೋದರಮಾವನೋ ಚಿಕ್ಕಪ್ಪನೋ ಈಜು ಕಲಿಸುತ್ತಿದ್ದರು. ಕೊಳವೆಬಾವಿಗಳು ಹೆಚ್ಚಿದಂತೆ ತೆರೆದ ಬಾವಿಗಳು ಬತ್ತಿದವು. ಅವುಗಳೊಡನೆ ಆ ವಿದ್ಯೆಯೂ ಬತ್ತಿತು. ಅವುಗಳ ಸ್ಥಾನದಲ್ಲಿ ಈಗ ಕೃಷಿಹೊಂಡಗಳು ಬಂದಿವೆ. 2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯಿಂದ ಒಣಬೇಸಾಯದ ರೈತರಿಗೆ ಬಹಳ ಉಪಕಾರವಾಗಿದೆ. ಆದರೆ ಪಾಲಿಥೀನ್ ಹಾಳೆ ಹೊದಿಸಿದ ಹೊಂಡದ ಇಳಿಜಾರು ಒದ್ದೆಯಾದಾಗ ಜಾರುಬಂಡೆಯಂತಾಗುತ್ತದೆ. ಬಿದ್ದ ಮಗುವಿಗೆ ಹಿಡಿದು ಮೇಲೇರಲು ಒಂದು ಕಲ್ಲೂ ಇರುವುದಿಲ್ಲ. ಮೇಲಾಗಿ ನಮ್ಮಲ್ಲಿ ನೀರು ಬಂದರೆ ಒಮ್ಮೆಲೇ ಬರುತ್ತದೆ. 1933ರ ಬಳಿಕ ಕೋಡಿ ಬೀಳದಿದ್ದ ವಾಣಿವಿಲಾಸ ಸಾಗರ 2022ರ ಸೆಪ್ಟೆಂಬರಿನಲ್ಲಿ ಕೋಡಿ ಬಿದ್ದಾಗ ವೇದಾವತಿಯ ಪಾತ್ರ ತುಂಬಿ ಹರಿದುದನ್ನು ನಾವೆಲ್ಲ ಕಂಡಿದ್ದೇವೆ. ಸಿದ್ದಾಪುರದ ಮಗ್ಗುಲಿನ ಚಿನ್ನಹಗರಿಯೂ ವರ್ಷದ ಬಹುಕಾಲ ಮರಳಾಗಿದ್ದು ಮಳೆಗೆ ಹೊಳೆಯಾಗುವಂಥದು. ಮರಳಿನಲ್ಲಿ ಆಡಿ ಬೆಳೆದ ಮಗುವಿಗೆ ಹೊಳೆಯ ಸ್ವಭಾವ ಹೇಗೆ ತಿಳಿದೀತು?

ಈ ಸ್ಥಿತಿಯಲ್ಲಿ "ನಿನ್ನ ಕಿವಿಯಲ್ಲಿ ನಳಿಕೆಯಿದೆ, ನೀನು ಈಜು ಕಲಿಯಬೇಡ" ಎಂದರೆ ಆ ಮಗುವಿನಿಂದ ರಕ್ಷಣೆಯ ವಿದ್ಯೆಯೊಂದನ್ನು ಕಸಿದುಕೊಂಡಂತಾಗುತ್ತದೆ. ದೊಡ್ಡವರ ಎದುರಿಗೆ ನೀರಿಗಿಳಿಯದ ಮಗು ಗೆಳೆಯರೊಡನೆ ಕದ್ದು ಇಳಿಯುವುದಿಲ್ಲವೆಂಬ ಭರವಸೆಯೂ ಇಲ್ಲ. ಅದು ಇಳಿಯುವುದು ಶುಚಿಯಾದ ಕೊಳಕ್ಕಲ್ಲ, ಯಾರೂ ಕಾಣದ ಗೋಕಟ್ಟೆಗೆ ಇಲ್ಲವೆ ಹೊಂಡಕ್ಕೆ. ನಿಷೇಧವು ಮಗುವನ್ನು ಕಿವಿಗೂ ಪ್ರಾಣಕ್ಕೂ ಕೆಟ್ಟದಾದ ನೀರಿನತ್ತಲೇ ತಳ್ಳಿದಂತಾಯಿತು.

ಇಂತಹ ಮಗುವನ್ನು ನೀರಿಗಿಳಿಸುವವರು ನೆನಪಿಡಬೇಕಾದ ಸಂಗತಿಗಳೂ ಇವೆ. ಬಿರಟೆ ಇಟ್ಟುಕೊಂಡ ಮಗುವಿಗೆ ದಡದ ಕೂಗು ಸರಿಯಾಗಿ ಕೇಳಿಸದು. ಶ್ರವಣಯಂತ್ರ ಬಳಸುವ ಮಗು ಅದನ್ನು ತೆಗೆದಿಟ್ಟೇ ಇಳಿಯಬೇಕಾಗುತ್ತದೆ. ಆದ್ದರಿಂದ ಕೂಗಿ ಕರೆಯುವುದನ್ನು ನೆಚ್ಚದೆ ಕೈಸನ್ನೆಗಳನ್ನು ಮೊದಲೇ ಕಲಿಸಿಡಬೇಕು; 'ಮೇಲೆ ಬಾ', 'ನಿಲ್ಲು', 'ಕಿವಿ ನೋಯುತ್ತಿದೆ' ಎಂಬ ಮೂರಾದರೂ ಇರಲಿ. ತಣ್ಣೀರು ಮಧ್ಯಕಿವಿಗೆ ಇಳಿದರೆ ತಲೆಸುತ್ತು ಬರುವ ಸಂಭವವುಂಟು. ನೀರಿನಲ್ಲಿ ತಲೆಸುತ್ತು ಬಂದ ಮಗುವಿಗೆ ಮೇಲು ಕೆಳಗು ತಿಳಿಯದು. ಆದಕಾರಣ ಮೊದಲ ದಿನಗಳಲ್ಲಿ ಎದೆಮಟ್ಟಕ್ಕಿಂತ ಕಡಮೆ ನೀರಿನಲ್ಲಿ, ಈಜು ಬಲ್ಲ ಹಿರಿಯರೊಬ್ಬರು ಕೈಗೆಟಕುವ ಅಂತರದಲ್ಲೇ ಇರಬೇಕು. ದಡದಲ್ಲಿ ಕುಳಿತು ಮೊಬೈಲು ನೋಡುವವರು ಕಾವಲಿನವರಲ್ಲ. ಮುಳುಗುವ ಮಗು ಕೂಗಿಕೊಳ್ಳುವುದು ಅಪರೂಪ. ಅದು ಸದ್ದಿಲ್ಲದೆ ಮುಳುಗುತ್ತದೆ.

ಅಕಸ್ಮಾತ್ ಯಾರಾದರೂ ಮುಳುಗುತ್ತಿದ್ದರೆ ಈಜು ಬಾರದವರು ಧುಮುಕದೆ ಹಗ್ಗ, ಸೀರೆ, ಉದ್ದನೆಯ ಕೋಲು, ಖಾಲಿ ಕೊಡ, ಏನು ಸಿಕ್ಕಿತೋ ಅದನ್ನು ಚಾಚಬೇಕು ಅಥವಾ ಎಸೆಯಬೇಕು. ಮೇಲೆತ್ತಿದ ಮಗುವನ್ನು ತಲೆಕೆಳಗು ಮಾಡಿ ತಿರುಗಿಸುವುದು, ಹೊಟ್ಟೆ ಅದುಮುವುದು ಸಲ್ಲ. 2022ರಲ್ಲಿ ನೆರೆಯ ಬಳ್ಳಾರಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಮುಳುಗಿದ ಬಾಲಕನನ್ನು ಬದುಕುವನೆಂಬ ಆಸೆಯಿಂದ ಉಪ್ಪಿನ ರಾಶಿಯಲ್ಲಿ ಮಲಗಿಸಿ ಗಂಟೆಗಟ್ಟಲೆ ಕಾದ ಘಟನೆ ನಡೆಯಿತು. ಮಗನನ್ನು ಕಳೆದುಕೊಂಡವರ ಸಂಕಟವನ್ನು ಹೀಗಳೆಯುವ ಅಧಿಕಾರ ಯಾರಿಗೂ ಇಲ್ಲ. ಆದರೆ ಉಪ್ಪು ಪ್ರಾಣವನ್ನು ಮರಳಿಸದು ಎಂಬುದನ್ನು ನಾವು ತಿಳಿದಿರಬೇಕು. ಉಸಿರಾಡದ ಮಗುವಿಗೆ ಕೂಡಲೇ ಬಾಯಿಗೆ ಬಾಯಿಟ್ಟು ಉಸಿರು ತುಂಬುವುದು, ಎದೆಯ ನಡುವೆ ಒತ್ತುವುದು, 108ಕ್ಕೆ ಕರೆ ಮಾಡುವುದು, ಇವೇ ನೆರವಾಗುವ ಕ್ರಮಗಳು. ಇವನ್ನು ಪುಸ್ತಕ ಓದಿ ಕಲಿಯುವುದು ಕಷ್ಟ. ಊರಿನ ಆರೋಗ್ಯ ಕೇಂದ್ರದ ಸಿಬ್ಬಂದಿಯಿಂದ ಮಾಡಿಸಿ ನೋಡಿ ಕಲಿಯಬೇಕು.

"ನಮ್ಮ ವೈದ್ಯರೇ ನೀರು ಬೇಡವೆಂದಿದ್ದಾರಲ್ಲ" ಎನ್ನುವವರೂ ಇದ್ದಾರೆ. ನಿಮ್ಮ ಮಗುವಿನ ಕಿವಿಯನ್ನು ಕಂಡವರು ಅವರು. ಅವರ ಮಾತನ್ನು ಮೀರಿ ನಡೆಯಿರೆಂದು ನಾವು ಹೇಳುವುದಿಲ್ಲ. ಆದರೆ "ಏಕೆ ಬೇಡ? ಎಷ್ಟು ದಿನ ಬೇಡ? ಯಾವ ನೀರು ಬೇಡ?" ಎಂಬ ಮೂರು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಿ. ಶಸ್ತ್ರಕ್ರಿಯೆಯಾದ ಎರಡು ವಾರಗಳಿಗೆಂದು ಹೇಳಿದ ಮಾತು ಮನೆಗೆ ಬರುವಷ್ಟರಲ್ಲಿ ಆಜೀವ ನಿಷೇಧವಾಗುವುದುಂಟು. ನಾಲ್ಕಾರು ತಿಂಗಳಿಗೊಮ್ಮೆ ಕಿವಿಯನ್ನು ತೋರಿಸಿ, ನಳಿಕೆ ಇದೆಯೋ ಬಿದ್ದಿದೆಯೋ, ರಂಧ್ರ ಮುಚ್ಚಿದೆಯೋ ಇಲ್ಲವೋ ಎಂದು ತಿಳಿಯುವುದೂ ಅಷ್ಟೇ ಅಗತ್ಯ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿಗೂ ಸರ್ಕಾರಿ ಶಾಲೆಗೂ ಬರುವ ವೈದ್ಯತಂಡ ಕಿವಿಯ ತೊಂದರೆಗಳನ್ನೂ ಪರೀಕ್ಷಿಸುತ್ತದೆ. ಹೆಚ್ಚಿನ ಪರೀಕ್ಷೆಗೆ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಯಿದೆ, ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಮಾತು-ಶ್ರವಣಗಳ ತೊಂದರೆಗೆಂದೇ ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ.

ಕೊನೆಯದಾಗಿ, ಈ ಹೊಣೆ ಕೇವಲ ತಾಯ್ತಂದೆಯರದಲ್ಲ. ಕೃಷಿಹೊಂಡವಿರುವ ಭಕ್ತರು ಅದರ ಸುತ್ತ ಬೇಲಿ ಹಾಕಿಸಲಿ; ಒಳಕ್ಕೆ ಇಳಿಬಿದ್ದಂತೆ ಗಂಟುಗಳುಳ್ಳ ಹಗ್ಗವನ್ನಾಗಲಿ ಹಳೆಯ ಟೈರುಗಳ ಸರವನ್ನಾಗಲಿ ಗೂಟಕ್ಕೆ ಬಿಗಿದು ಕಟ್ಟಲಿ. ಶಾಲೆಗಳವರೂ ಪ್ರಸಾದನಿಲಯಗಳವರೂ ಮಕ್ಕಳನ್ನು ಸೇರಿಸಿಕೊಳ್ಳುವಾಗ ಕಿವಿಯ ವಿಚಾರವನ್ನು ಕೇಳಿ ಬರೆದಿಟ್ಟುಕೊಳ್ಳಲಿ. ನಳಿಕೆಯಿರುವ ಮಗುವನ್ನು ಮುಂದಿನ ಬೆಂಚಿನಲ್ಲಿ ಕೂರಿಸಲಿ. ಪ್ರವಾಸಕ್ಕೆ ಹೋದಾಗ ಅಂತಹ ಮಗುವನ್ನು ದಡದಲ್ಲಿ ಚಪ್ಪಲಿ ಕಾಯಲು ನಿಲ್ಲಿಸದೆ, ಮೇಲಿನ ಎಚ್ಚರಗಳೊಡನೆ ಉಳಿದವರ ಜೊತೆಗೇ ಕರೆದೊಯ್ಯಲಿ. ಈಜು ಬಲ್ಲ ಹಿರಿಯರು ಇನ್ನೂ ನಮ್ಮ ಊರುಗಳಲ್ಲಿದ್ದಾರೆ. ಬಾವಿ ಬತ್ತಿದರೂ ಅವರ ವಿದ್ಯೆ ಬತ್ತಿಲ್ಲ. ಈ ಬೇಸಿಗೆಯಲ್ಲಿ ಅವರು ಹತ್ತು ಮಕ್ಕಳಿಗೆ ಈಜು ಕಲಿಸಲು ಮುಂದಾಗಲಿ, ಆ ಹತ್ತರಲ್ಲಿ ಕಿವಿಗೆ ನಳಿಕೆ ಹಾಕಿಸಿದ ಮಗುವೂ ಇರಲಿ ಎಂದು ನಾವು ಹಾರೈಸುತ್ತೇವೆ.